28 ವರ್ಷದ ಎಣ್ಣೆ ಬಾಯ್ಲರ್ ಬಿರುಕು ಬಿಟ್ಟಿದೆ: ಮತ್ತೆ ಎಣ್ಣೆಯೋ, ಹೀಟ್ ಪಂಪೋ?

ಹಳೆಮನೆ, ವೂಸ್ಟರ್ (ಮ್ಯಾಸಚೂಸೆಟ್ಸ್) · 2024 ಆಗಸ್ಟ್ 18

ಎಲ್ಲರಿಗೂ ನಮಸ್ಕಾರ. ಎಣ್ಣೆ (ಡೀಸೆಲಿನಂಥ ಇಂಧನ) ಉರಿಸಿ ನಮ್ಮ ಮನೆ ಕಾಯಿಸುವ ಬಾಯ್ಲರನ್ನು ವರ್ಷಕ್ಕೊಮ್ಮೆ ಶುಚಿ ಮಾಡಲು ಬರುವ ಮೆಕ್ಯಾನಿಕ್ ಮೊನ್ನೆ ಟಾರ್ಚ್ ಹಿಡಿದು ಒಳಗಿನ ಎರಕದ ಕಬ್ಬಿಣದಲ್ಲಿ ಬಿದ್ದಿರುವ ಬಿರುಕನ್ನು ತೋರಿಸಿದರು. ಇನ್ನೊಂದು ಚಳಿಗಾಲಕ್ಕೆ ಇದನ್ನು ನಂಬಬೇಡಿ ಎಂದು ಹೇಳಿ ಹೋದರು. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಇಲ್ಲಿ ಜನವರಿಯಲ್ಲಿ ಮೈನಸ್ 15 ಡಿಗ್ರಿ ಸೆಲ್ಸಿಯಸ್ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಮನೆ 1954ರಲ್ಲಿ ಕಟ್ಟಿದ್ದು, 1,700 ಚದರ ಅಡಿ, ಎರಡು ಅಂತಸ್ತು. ಗೋಡೆಯ ಬುಡದಲ್ಲಿ ಓಡುವ ಬಿಸಿನೀರಿನ ಕೊಳವೆಗಳಿಂದ ಕೋಣೆಗಳು ಕಾಯುತ್ತವೆ. ಸ್ನಾನದ ನೀರೂ ಅದೇ ಬಾಯ್ಲರಿನಿಂದ. ನೆಲಮಾಳಿಗೆಯಲ್ಲಿ 275 ಗ್ಯಾಲನ್ನಿನ (ಒಂದು ಗ್ಯಾಲನ್ ಸುಮಾರು 3.8 ಲೀಟರ್) ಎಣ್ಣೆ ಟ್ಯಾಂಕ್ ಇದೆ. ಕಳೆದ ವರ್ಷ ಒಟ್ಟು 720 ಗ್ಯಾಲನ್ ಎಣ್ಣೆ ಸುಟ್ಟಿದ್ದೇವೆ.

ಎರಡು ಅಂದಾಜುಪಟ್ಟಿಗಳು ಕೈಯಲ್ಲಿವೆ. ಹೊಸ ಎಣ್ಣೆ ಬಾಯ್ಲರಿಗೆ 11,500 ಡಾಲರ್. ಹೊರಗೆ ಮೂರು ಟನ್ (ಎ.ಸಿ.ಗೆ ಹೇಳುವ ಅದೇ ಟನ್) ಸಾಮರ್ಥ್ಯ, ಒಳಗೆ ನಾಲ್ಕು ಘಟಕಗಳಿರುವ ಹೀಟ್ ಪಂಪಿಗೆ, ಅಂದರೆ ಹೊರಗಿನ ಗಾಳಿಯ ಶಾಖವನ್ನು ವಿದ್ಯುತ್ತಿನಿಂದ ಒಳಗೆ ತರುವ ಯಂತ್ರಕ್ಕೆ, 24,000 ಡಾಲರ್.

ನನ್ನ ಲೆಕ್ಕ ಹೀಗಿದೆ. ಒಂದು ಗ್ಯಾಲನ್ ಎಣ್ಣೆಯಲ್ಲಿ ಸುಮಾರು 40 ಯೂನಿಟ್ ಶಾಖವಿದೆ (ನಮ್ಮೂರ ವಿದ್ಯುತ್ ಬಿಲ್ಲಿನಲ್ಲಿ ಬರೆಯುವ ಅದೇ ಯೂನಿಟ್, ಕಿಲೋವಾಟ್ ಅವರ್). ಹಳೆಯ ಬಾಯ್ಲರಿನಲ್ಲಿ ಐದರಲ್ಲಿ ಒಂದು ಪಾಲು ಚಿಮಣಿಯಿಂದ ಹೊರಗೆ ಹೋಗುತ್ತದೆ ಎಂದುಕೊಂಡರೆ ಮನೆಗೆ ಸಿಗುವುದು 32 ಯೂನಿಟ್. ಹೀಟ್ ಪಂಪ್ ಒಂದು ಯೂನಿಟ್ ವಿದ್ಯುತ್ತಿಗೆ ಇಡೀ ಚಳಿಗಾಲದ ಸರಾಸರಿಯಲ್ಲಿ 2.6 ಯೂನಿಟ್ ಶಾಖ ಕೊಡುತ್ತದೆ ಎಂದು ಅಂದಾಜುಪಟ್ಟಿ ಕೊಟ್ಟವರು ಹೇಳುತ್ತಾರೆ. ಹಾಗಾದರೆ 720 ಗ್ಯಾಲನ್ನಿನ ಕೆಲಸಕ್ಕೆ ಸುಮಾರು 8,860 ಯೂನಿಟ್ ವಿದ್ಯುತ್ ಬೇಕು. ನಮ್ಮ ಬಿಲ್ಲಿನಲ್ಲಿ ಎಲ್ಲ ಶುಲ್ಕ ಸೇರಿ ಯೂನಿಟ್ಟಿಗೆ 32 ಸೆಂಟ್. ಅಂದರೆ 2,835 ಡಾಲರ್. ಎಣ್ಣೆಗೆ, ಗ್ಯಾಲನ್ನಿಗೆ 3.40ರಂತೆ, 2,448 ಡಾಲರ್.

ಇಮ್ಮಡಿ ಹಣ ಕೊಟ್ಟು ಹೀಟ್ ಪಂಪ್ ಹಾಕಿಸಿ, ವರ್ಷವರ್ಷ ನಾನೂರು ಡಾಲರ್ ಹೆಚ್ಚು ಕೊಡಬೇಕೇ? ಲೆಕ್ಕದಲ್ಲಿ ಎಲ್ಲಿಯೋ ತಪ್ಪಿದ್ದರೆ ತಿದ್ದಿ.

ನಿವೃತ್ತ ಎಂಜಿನಿಯರ್, ನ್ಯಾಶುವ (ನ್ಯೂ ಹ್ಯಾಂಪ್‌ಶೈರ್) · ಆಗಸ್ಟ್ 18

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಎರಡು ಬೇರೆ ಕೆಲಸಗಳನ್ನು ಒಂದೇ ತಕ್ಕಡಿಗೆ ಹಾಕಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟು ಎಣ್ಣೆ ಹೋಗಿದೆ, ರಸೀದಿ ನೋಡಿ ಹೇಳಿ. ಆ ನಾಲ್ಕು ತಿಂಗಳು ಮನೆ ಕಾಯಿಸುವುದಿಲ್ಲವಷ್ಟೆ?

ಹಳೆಮನೆ, ವೂಸ್ಟರ್ · ಆಗಸ್ಟ್ 18

60 ಗ್ಯಾಲನ್. ಇಷ್ಟು ದಿನ ಇದನ್ನು ನಾನು ಗಮನಿಸಿಯೇ ಇರಲಿಲ್ಲ.

ನಿವೃತ್ತ ಎಂಜಿನಿಯರ್, ನ್ಯಾಶುವ · ಆಗಸ್ಟ್ 19

ತಿಂಗಳಿಗೆ 15, ವರ್ಷಕ್ಕೆ 180 ಗ್ಯಾಲನ್ ಬರಿಯ ಸ್ನಾನದ ನೀರಿಗೆ. ನಾಲ್ಕು ಚೊಂಬು ನೀರಿಗಾಗಿ ಹಂಡೆಯ ಒಲೆಯನ್ನು ಹಗಲೂ ರಾತ್ರಿ ಉರಿಸಿದ ಹಾಗೆ. ಬೇಸಿಗೆಯಲ್ಲಿ ಆ ದೊಡ್ಡ ಕಬ್ಬಿಣದ ಒಡಲನ್ನು ಬಿಸಿಯಾಗಿ ಇಟ್ಟುಕೊಳ್ಳುವುದಕ್ಕೇ ಹೆಚ್ಚಿನ ಎಣ್ಣೆ ಹೋಗುತ್ತದೆ. ಈ ಕೆಲಸವನ್ನು ಹೀಟ್ ಪಂಪ್ ಇರುವ ವಾಟರ್ ಹೀಟರ್ ನಿಮ್ಮಷ್ಟು ಜನರಿಗೆ ವರ್ಷಕ್ಕೆ 1,200 ಯೂನಿಟ್ಟಿನ ಸುತ್ತಮುತ್ತ ಮಾಡಿಬಿಡುತ್ತದೆ: 384 ಡಾಲರ್. ಎಣ್ಣೆಯಲ್ಲಿ ಅದಕ್ಕೇ ನೀವು ಕೊಡುತ್ತಿರುವುದು 612.

ಉಳಿದದ್ದು ಮನೆ ಕಾಯಿಸುವ 540 ಗ್ಯಾಲನ್. ಇಲ್ಲಿ ಯಂತ್ರದ ಮಾತಿಗೆ ಮೊದಲು ಅಟ್ಟ ಹತ್ತಿ ನೋಡಿ. 1954ರ ಮನೆಯ ಅಟ್ಟದಲ್ಲಿ ಶಾಖ ತಡೆಯುವ ನಾಲ್ಕು ಅಂಗುಲದ ಹಳೆಯ ಹೊದಿಕೆ ಇದ್ದರೆ, ಚಿಮಣಿಯ ಸುತ್ತ, ದೀಪದ ಡಬ್ಬಿಗಳ ಸುತ್ತ ಸಂದುಗಳಿದ್ದರೆ, ಬಿಸಿಗಾಳಿ ಅಲ್ಲಿಂದ ಏರಿ ಹೋಗುತ್ತಲೇ ಇರುತ್ತದೆ. ಸೂರಿನ ಅಂಚಿನಲ್ಲಿ ಹಿಮಗಡ್ಡೆಯ ಉದ್ದುದ್ದ ಕೋಲುಗಳು ಇಳಿಬೀಳುತ್ತವೆಯೇ? ಆ ಕೋಲುಗಳೇ ಸಾಕ್ಷಿ. ಸಂದು ಮುಚ್ಚಿ ಹೊದಿಕೆ ಹಾಕಿದರೆ ಬೇಕಾಗುವ ಶಾಖ ಐದರಲ್ಲಿ ಒಂದು ಪಾಲು ಇಳಿದೀತು. ನಿಮ್ಮ ರಾಜ್ಯದಲ್ಲಿ ಮಾಸ್ ಸೇವ್ ಯೋಜನೆ ಈ ಕೆಲಸದ ಖರ್ಚಿನಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ತಾನೇ ಕೊಡುತ್ತದೆ. ಅದನ್ನು ಬಿಟ್ಟವನು ಕೈಗೆ ಬಂದ ತುತ್ತನ್ನು ಬಿಟ್ಟ ಹಾಗೆ.

ಹೊದಿಕೆಯ ನಂತರ ಲೆಕ್ಕ: ಹೀಟ್ ಪಂಪಿಗೆ 5,300 ಯೂನಿಟ್, ನೀರಿಗೆ 1,200; ಒಟ್ಟು ಸುಮಾರು 2,080 ಡಾಲರ್. ಅದೇ ಮನೆಗೆ ಎಣ್ಣೆಯಾದರೆ 612 ಗ್ಯಾಲನ್, ಅದೂ ಸುಮಾರು 2,080 ಡಾಲರ್.

ಎರಡೂ ಸಮ ಬಂದವು. ಇದನ್ನು ಬಚ್ಚಿಡದೆ ಹೇಳಬೇಕು. ನಿಮ್ಮ ಊರಿನ ವಿದ್ಯುತ್ ದರದಲ್ಲಿ ಹಣ ಉಳಿಸುವುದು ಮೊದಲು ಅಟ್ಟದ ಹೊದಿಕೆ, ಆಮೇಲೆ ಪಂಪು. ಪಂಪ್ ಮಾರುವವರು ಈ ಮಾತನ್ನು ಹೇಳುವುದಿಲ್ಲ, ಎಣ್ಣೆ ಮಾರುವವರಂತೂ ಹೇಳುವುದೇ ಇಲ್ಲ.

ಬೇರೆಯವರಿಗೂ ಉಪಯೋಗವಾಗುವ ಒಂದು ಅಳತೆ ಕೊಡುತ್ತೇನೆ. ಎಣ್ಣೆಯ ಗ್ಯಾಲನ್ ಬೆಲೆಯನ್ನು 12ರಿಂದ (32 ಯೂನಿಟ್ ಶಾಖವನ್ನು 2.6ರಿಂದ ಭಾಗಿಸಿದರೆ ಬರುವ ಅಂಕಿ) ಭಾಗಿಸಿ. ನಿಮ್ಮ ಯೂನಿಟ್ ದರ ಅದಕ್ಕಿಂತ ಕಡಿಮೆಯಿದ್ದರೆ ಪಂಪ್ ಅಗ್ಗ. 3.40ಕ್ಕೆ 28 ಸೆಂಟ್ ಬರುತ್ತದೆ, 4 ಡಾಲರಿಗೆ 33. 2022ರಲ್ಲಿ ನ್ಯೂ ಇಂಗ್ಲೆಂಡಿನಲ್ಲಿ (ನಮ್ಮ ಈ ಈಶಾನ್ಯ ರಾಜ್ಯಗಳಲ್ಲಿ) ಗ್ಯಾಲನ್ 5 ಡಾಲರ್ ದಾಟಿತ್ತು. ಆಗ ಇದು 41 ಸೆಂಟ್ ಮೀರಿತ್ತು.

ತಂದೆ, ಬೆಂಗಳೂರು · ಆಗಸ್ಟ್ 19

ನನ್ನ ಮಗಳು ನ್ಯಾಶುವದ ಸಮೀಪ ಮನೆ ಹುಡುಕುತ್ತಿದ್ದಾಳೆ, ಅದಕ್ಕಾಗಿ ಇದನ್ನು ಓದುತ್ತಿದ್ದೇನೆ. ತಿಳಿಯದೆ ಕೇಳುತ್ತೇನೆ, ಕ್ಷಮಿಸಿ. ಹೊರಗೆ ಮೈನಸ್ 15 ಇರುವಾಗ ಆ ಗಾಳಿಯಲ್ಲಿ ಶಾಖ ಎಲ್ಲಿಂದ ಬರುತ್ತದೆ? ಒಂದು ಯೂನಿಟ್ ಕೊಟ್ಟು ಎರಡೂವರೆ ಪಡೆಯುವುದು ಹೇಗೆ?

ನಿವೃತ್ತ ಎಂಜಿನಿಯರ್, ನ್ಯಾಶುವ · ಆಗಸ್ಟ್ 20

ಕ್ಷಮೆ ಏಕೆ ಸ್ವಾಮಿ, ಇಡೀ ವಿಷಯದ ಬೇರು ಇದೇ. ಕೊಳವೆಬಾವಿಯ ಪಂಪನ್ನು ನೆನೆಯಿರಿ. ಅದು ನೀರನ್ನು ಹುಟ್ಟಿಸುವುದಿಲ್ಲ, ಕೆಳಗಿರುವುದನ್ನು ಮೇಲೆತ್ತುತ್ತದೆ. ವಿದ್ಯುತ್ ಖರ್ಚಾಗುವುದು ಎತ್ತುವುದಕ್ಕೆ. ಇದು ಶಾಖ ಎತ್ತುವ ಪಂಪು. ಮೈನಸ್ 15 ನಮಗೆ ಕೊರೆಯುವ ಚಳಿ, ಆದರೆ ಅಣುಗಳ ಚಲನೆ ಹೆಚ್ಚುಕಡಿಮೆ ನಿಲ್ಲುವುದು ಮೈನಸ್ 273ರಲ್ಲಿ. ಅದರ ಪಕ್ಕದಲ್ಲಿ ಇದು ಬೆಚ್ಚಗಿನ ಗಾಳಿಯೇ. ಹೊರಗಿನ ಸುರುಳಿಯಲ್ಲಿ ಆ ಗಾಳಿಗಿಂತಲೂ ತಣ್ಣಗಿರುವ ದ್ರವ ಹರಿಯುತ್ತದೆ. ಗಾಳಿಯ ಶಾಖ ಅದಕ್ಕೆ ಇಳಿದು ಅದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಬಿಸಿ ಏರುತ್ತದೆ. ಮನೆಯೊಳಗೆ ಆ ಬಿಸಿ ಬಿಟ್ಟುಕೊಟ್ಟು ಮತ್ತೆ ದ್ರವವಾಗಿ ಹೊರಗೆ ಹೋಗುತ್ತದೆ. ನಿಮ್ಮ ಮನೆಯ ಫ್ರಿಜ್ಜಿನ ಹಿಂಬದಿ ಬೆಚ್ಚಗಿರುವುದೂ ಇದರಿಂದಲೇ.

ಬಾವಿ ಆಳವಾದಷ್ಟೂ ಪಂಪಿಗೆ ಕರೆಂಟು ಹೆಚ್ಚು ಬೇಕಲ್ಲವೇ? ಇಲ್ಲಿಯೂ ಹಾಗೆಯೇ. ಹೊರಗೆ 8 ಡಿಗ್ರಿ ಇದ್ದಾಗ ಒಂದಕ್ಕೆ ಮೂರೂವರೆ ಸಿಗಬಹುದು. ಮೈನಸ್ 15ರಲ್ಲಿ ಒಂದಕ್ಕೆ ಎರಡರ ಹತ್ತಿರ. 2.6 ಎಂಬುದು ಇವೆಲ್ಲದರ ಸರಾಸರಿ. ಅತಿ ಚಳಿಯ ದಿನಗಳು ಕೆಲವೇ. ಹೆಚ್ಚಿನ ದಿನಗಳು ಸೊನ್ನೆಯ ಆಸುಪಾಸಿನವು.

ಸಮುದ್ರತೀರ, ಪೋರ್ಟ್‌ಲ್ಯಾಂಡ್ (ಮೇನ್) · ಆಗಸ್ಟ್ 21

ನಮ್ಮ ರಾಜ್ಯದ ಅನುಭವ ಹೇಳಬೇಕು. ಅಮೆರಿಕದಲ್ಲಿ ಮನೆ ಕಾಯಿಸಲು ಎಣ್ಣೆಯನ್ನು ಅತಿ ಹೆಚ್ಚು ನೆಚ್ಚಿಕೊಂಡ ರಾಜ್ಯ ಮೇನ್. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಅದೇ ಇಂಧನ. ಇಂಥ ಕಡೆ 2019ರಲ್ಲಿ ಒಂದು ಕಾನೂನು ಬಂತು: 2025ರೊಳಗೆ ಒಂದು ಲಕ್ಷ ಹೀಟ್ ಪಂಪ್ ಕೂರಿಸಬೇಕು. 2023ರಲ್ಲಿಯೇ ಆ ಗುರಿ ಮುಟ್ಟಿತು. ಗವರ್ನರ್ ಜಾನೆಟ್ ಮಿಲ್ಸ್ 2027ರೊಳಗೆ ಇನ್ನೂ 1,75,000 ಎಂದು ಹೊಸ ಗುರಿ ಇಟ್ಟರು. ಚಳಿಗೆ ಹೀಟ್ ಪಂಪ್ ಆಗದು ಎನ್ನುವವರು ಇಲ್ಲಿಗೆ ಬಂದು ನೋಡಬೇಕು. ನಾರ್ವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಇದೇ ಇದೆ.

2023ರ ಫೆಬ್ರವರಿ 4ರ ಬೆಳಗನ್ನು ನಾನು ಮರೆಯುವುದಿಲ್ಲ. ಬಾಸ್ಟನ್ನಿನಲ್ಲಿಯೇ ಮೈನಸ್ 23 ಡಿಗ್ರಿ, ಮೌಂಟ್ ವಾಷಿಂಗ್ಟನ್ ಶಿಖರದಲ್ಲಿ ಮೈನಸ್ 44. ಆ ರಾತ್ರಿ ನಮ್ಮ ಎರಡು ಪಂಪುಗಳು ಒಮ್ಮೆಯೂ ನಿಲ್ಲದೆ ಓಡಿದವು. ಒಳಗೆ 21 ಇರುತ್ತಿದ್ದದ್ದು 18ಕ್ಕೆ ಇಳಿಯಿತು, ಅಷ್ಟೇ.

ಆದರೆ ಆ ರಾತ್ರಿ ತೊಂದರೆ ಬಂದದ್ದು ಯಾರೂ ಎಚ್ಚರಿಸದ ಕಡೆಯಿಂದ. ಬಾಯ್ಲರ್ ಉರಿಯುತ್ತಿದ್ದಾಗ ಅದರ ಒಡಲ ಶಾಖದಿಂದ ನೆಲಮಾಳಿಗೆ ತಾನಾಗಿಯೇ ಬೆಚ್ಚಗಿತ್ತು. ಅದು ಆರಿದ ಮೇಲೆ ನೆಲಮಾಳಿಗೆ ಅನಾಥವಾಯಿತು. ಅಡಿಪಾಯದ ಮೇಲೆ ಮರದ ತೊಲೆ ಕೂರುವ ಅಂಚಿನಲ್ಲಿ ಗಾಳಿ ನುಗ್ಗಿ, ಅಲ್ಲೇ ಹಾದುಹೋಗುವ ಅಡುಗೆಮನೆಯ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯಿತು. ಹೀಟ್ ಪಂಪ್ ವಾಟರ್ ಹೀಟರ್ ಬೇರೆ ಅದೇ ಕೋಣೆಯ ಗಾಳಿಯಿಂದ ಶಾಖ ಹೀರುತ್ತದೆ ಎಂಬುದನ್ನು ನೆನಪಿಡಿ. ಆ ಅಂಚನ್ನು ಮೊದಲು ಮುಚ್ಚಿಸಿ, ದಯವಿಟ್ಟು.

ಕಹಿ ಉಂಡವರು, ಸ್ಪ್ರಿಂಗ್‌ಫೀಲ್ಡ್ (ಮ್ಯಾಸಚೂಸೆಟ್ಸ್) · ಆಗಸ್ಟ್ 22

ಎಲ್ಲರೂ ಹೊಗಳುತ್ತಿದ್ದೀರಿ, ನನ್ನದನ್ನೂ ಕೇಳಿ. ಮೂರು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರರು ಬಂದು, ಮನೆಯನ್ನು ಅಳೆಯದೆ, ಹೊರಗಿನಿಂದಲೇ ನೋಡಿ ಐದು ಟನ್ ಎಂದರು. ದೊಡ್ಡದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ನಾನೂ ಒಪ್ಪಿದೆ. ಸಾಧಾರಣ ಚಳಿಯ ದಿನಗಳಲ್ಲಿ ಅದು ಹತ್ತು ನಿಮಿಷ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಪುಟ್ಟ ಮಲಗುವ ಕೋಣೆಗಳಲ್ಲಿ ಒಮ್ಮೆ ಸೆಕೆ, ಒಮ್ಮೆ ಚಳಿ. ಮೊದಲ ಚಳಿಗಾಲದ ಬಿಲ್ ನೋಡಿ ನನ್ನ ಹೆಂಡತಿ ಕಣ್ಣೀರು ಹಾಕಿದಳು. ಗುತ್ತಿಗೆದಾರರು ಫೋನ್ ಎತ್ತುವುದನ್ನೇ ಬಿಟ್ಟರು. ಕಡೆಗೆ ಇನ್ನೊಬ್ಬರನ್ನು ಕರೆಸಿ ಅಳೆಸಿದಾಗ ತಿಳಿದದ್ದು, ಮೂರು ಟನ್ ಸಾಕಿತ್ತು.

ಕೋಣೆ ಕೋಣೆಯ ಗೋಡೆ, ಕಿಟಕಿ, ಹೊದಿಕೆ ಎಲ್ಲವನ್ನೂ ಬರೆದು ಮಾಡುವ ಲೆಕ್ಕಕ್ಕೆ ‘ಮ್ಯಾನ್ಯುಯಲ್ ಜೆ’ ಎನ್ನುತ್ತಾರೆ. ಅದನ್ನು ಕಾಗದದ ಮೇಲೆ ಕೊಡದವರಿಗೆ ಒಂದು ಡಾಲರನ್ನೂ ಕೊಡಬೇಡಿ.

ನಿವೃತ್ತ ಎಂಜಿನಿಯರ್, ನ್ಯಾಶುವ · ಆಗಸ್ಟ್ 22

ಇವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಎಣ್ಣೆ ಬಾಯ್ಲರ್ ದೊಡ್ಡದಾದರೂ ಮನೆಯನ್ನು ಹೇಗೋ ಕಾಯಿಸುತ್ತದೆ. ಹೀಟ್ ಪಂಪ್ ಅಳತೆಯ ಅಂಗಿಯಂತೆ ಹೊಂದಬೇಕು. ಅದರ ಮೋಟಾರು ನಿಧಾನವಾಗಿ, ಇಡೀ ದಿನ ಓಡಿದಾಗಲೇ ವಿದ್ಯುತ್ ಉಳಿಯುವುದು. ರಾತ್ರಿ ಥರ್ಮೋಸ್ಟಾಟ್ ಇಳಿಸಿ ಬೆಳಿಗ್ಗೆ ಏರಿಸುವ ಎಣ್ಣೆಕಾಲದ ಅಭ್ಯಾಸವನ್ನೂ ಬಿಡಬೇಕು.

ಅಮ್ಮ, ಹಾರ್ಟ್‌ಫರ್ಡ್ (ಕನೆಕ್ಟಿಕಟ್) · ಆಗಸ್ಟ್ 24

ನಿಮ್ಮ ಲೆಕ್ಕಗಳಲ್ಲಿ ಟ್ಯಾಂಕ್ ಎಲ್ಲಿಯೂ ಬರಲಿಲ್ಲ. ನಮ್ಮ ಮನೆಯದು ಹೊರಗಿನಿಂದ ಹೊಸದರಂತೆ ಕಾಣುತ್ತಿತ್ತು. ಟ್ಯಾಂಕ್ ತುಕ್ಕು ಹಿಡಿಯುವುದು ಒಳಗಿನಿಂದ: ಎಣ್ಣೆಗಿಂತ ಭಾರವಾದ ನೀರು ತಳದಲ್ಲಿ ನಿಂತು, ಕೆಸರಿನೊಂದಿಗೆ ಸೇರಿ ಉಕ್ಕನ್ನು ತಿನ್ನುತ್ತದೆ. ಒಂದು ಮಾರ್ಚಿನಲ್ಲಿ ಊರಿಗೆ ಹೋಗಿ ಮೂರು ವಾರದ ಮೇಲೆ ಬಂದು ಬಾಗಿಲು ತೆಗೆದಾಗಲೇ ವಾಸನೆ ಮುಖಕ್ಕೆ ಬಡಿಯಿತು. ಎಣ್ಣೆ ಕಾಂಕ್ರೀಟಿನ ಬಿರುಕಿನಿಂದ ಮಣ್ಣಿಗೆ ಇಳಿದಿತ್ತು. ನೆಲ ಒಡೆದು ಮಣ್ಣು ಅಗೆದು ಸಾಗಿಸಲು 40,000 ಡಾಲರ್ ಮೀರಿತು. ವಿಮಾ ಕಂಪನಿಯವರು ಪಾಲಿಸಿಯ ಒಂದು ಸಾಲು ತೋರಿಸಿ ಕೈ ತೊಳೆದುಕೊಂಡರು. ಮಗಳ ಕಾಲೇಜಿಗೆಂದು ಕೂಡಿಟ್ಟ ಹಣ ಅದು.

ಮತ್ತೆ ಎಣ್ಣೆಯನ್ನೇ ಆರಿಸುವುದಾದರೆ, ಇಂಥ ಸೋರಿಕೆಗೆಂದೇ ಇರುವ ವಿಮೆಯ ಸೇರ್ಪಡೆಯನ್ನು ಬರಹದಲ್ಲಿ ಪಡೆಯಿರಿ. ಇಪ್ಪತ್ತು ವರ್ಷ ದಾಟಿದ ಟ್ಯಾಂಕಿಗೆ ಹೊಸ ಬಾಯ್ಲರ್ ಜೋಡಿಸಬೇಡಿ.

ಮೌಂಟ್ ರಾಯಲ್, ಮಾಂಟ್ರಿಯಲ್ (ಕೆನಡಾ) · ಆಗಸ್ಟ್ 25

ಗಡಿಯ ಈಚೆಯಿಂದ ಒಂದು ಮಾತು. ಕ್ವಿಬೆಕ್ಕಿನಲ್ಲಿ ಈ ಪ್ರಶ್ನೆ ಕಾನೂನಿನಿಂದಲೇ ತೀರ್ಮಾನವಾಗಿದೆ. 2021ರ ಕೊನೆಯಿಂದ ಹೊಸ ಮನೆಗಳಿಗೆ ಎಣ್ಣೆಯ ಒಲೆ ಹಾಕುವಂತಿಲ್ಲ. 2023ರ ಕೊನೆಯಿಂದ ಹಳೆಯದು ಕೆಟ್ಟರೆ ಮತ್ತೆ ಎಣ್ಣೆಯದನ್ನೇ ಕೂರಿಸುವಂತಿಲ್ಲ. ಇಲ್ಲಿ ಇದು ಸಾಧ್ಯವಾದದ್ದು ಜಲವಿದ್ಯುತ್ತಿನಿಂದ. ಯೂನಿಟ್ಟಿಗೆ ಕೊಡುವುದು ಕೆನಡಾದ 7ರಿಂದ 11 ಸೆಂಟ್. ಇಲ್ಲಿ ಎರಡು ಇಂಧನ ಇಟ್ಟುಕೊಂಡವರಿಗೆ ಒಂದು ವಿಶೇಷ ದರವಿದೆ: ಹೊರಗೆ ಮೈನಸ್ 12ಕ್ಕಿಂತ ಕೆಳಗಿಳಿದಾಗ ಮಾತ್ರ ವಿದ್ಯುತ್ ದುಬಾರಿ, ಆಗ ಮನೆ ತಾನಾಗಿಯೇ ಇನ್ನೊಂದು ಇಂಧನಕ್ಕೆ ಬದಲಾಗುತ್ತದೆ. ನಿಮ್ಮಲ್ಲಿ ಅದೇ ಯಂತ್ರ, ಅದೇ ಚಳಿ, ಆದರೆ ಹಲವು ಪಟ್ಟು ದರ. ನೀವು ಗುತ್ತಿಗೆದಾರರೊಂದಿಗಿಂತ ದರ ನಿಗದಿ ಮಾಡುವವರೊಂದಿಗೆ ಹೆಚ್ಚು ಜಗಳವಾಡಬೇಕು.

ಹಳೆಮನೆ, ವೂಸ್ಟರ್ · ಆಗಸ್ಟ್ 26

ಇಷ್ಟು ಮನಸ್ಸಿಟ್ಟು ಬರೆದದ್ದಕ್ಕೆ ಹೇಗೆ ಕೃತಜ್ಞತೆ ಹೇಳಲಿ? ಅಟ್ಟ ಹತ್ತಿ ನೋಡಿದೆ. ಮೂರೇ ಅಂಗುಲದ ಹೊದಿಕೆ, ಅದೂ ಇಲಿ ಕೊರೆದದ್ದು. ಇನ್ನೆರಡು ಸಂಶಯ. ಕರೆಂಟು ಹೋದರೆ ಮಕ್ಕಳನ್ನು ಏನು ಮಾಡಲಿ? ಮತ್ತೆ, ನಮ್ಮ ವಿದ್ಯುತ್ತನ್ನೂ ಎಲ್ಲಿಯೋ ಇಂಧನ ಸುಟ್ಟೇ ತಯಾರಿಸುತ್ತಾರೆ. ಹೊಗೆಯ ಲೆಕ್ಕದಲ್ಲಿ ಏನಾದರೂ ಸಾಧಿಸಿದಂತಾಯಿತೇ?

ನಿವೃತ್ತ ಎಂಜಿನಿಯರ್, ನ್ಯಾಶುವ · ಆಗಸ್ಟ್ 26

ಕರೆಂಟು ಹೋದರೆ ಎಣ್ಣೆ ಬಾಯ್ಲರೂ ನಿಲ್ಲುತ್ತದೆ. ಅದರ ಬರ್ನರ್, ನೀರು ತಿರುಗಿಸುವ ಪಂಪ್ ಎರಡೂ ವಿದ್ಯುತ್ತಿನವು. ವ್ಯತ್ಯಾಸವೆಂದರೆ ಬಾಯ್ಲರನ್ನು ಸಣ್ಣ ಜನರೇಟರಿನಿಂದ ಓಡಿಸಬಹುದು, ಮೂರು ಟನ್ ಪಂಪಿಗೆ ದೊಡ್ಡದು ಬೇಕು. ಒಂದು ಒಳ್ಳೆಯ ಸೌದೆ ಒಲೆ ಇಟ್ಟುಕೊಳ್ಳಿ.

ಹೊಗೆಯ ವಿಷಯ. ಒಂದು ಗ್ಯಾಲನ್ ಎಣ್ಣೆ ಸುಟ್ಟರೆ ಸುಮಾರು 10 ಕಿಲೋ ಇಂಗಾಲದ ಡೈಆಕ್ಸೈಡ್. ಅದೇ ಶಾಖಕ್ಕೆ ಪಂಪಿಗೆ ಬೇಕಾಗುವ 12 ಯೂನಿಟ್ ವಿದ್ಯುತ್ತನ್ನು ಪೂರ್ತಿಯಾಗಿ ನೈಸರ್ಗಿಕ ಅನಿಲದ ಸ್ಥಾವರದಿಂದಲೇ ತಂದರೂ 5 ಕಿಲೋ. ನಮ್ಮ ಗ್ರಿಡ್ಡಿನಲ್ಲಿ ಅನಿಲದ ಪಾಲು ಅರ್ಧದಷ್ಟು. ಉಳಿದದ್ದರಲ್ಲಿ ಅಣುವಿದ್ಯುತ್ತೂ ಜಲವಿದ್ಯುತ್ತೂ ಇವೆ. ಹಣದಲ್ಲಿ ಸಮ ಬಂದ ತಕ್ಕಡಿ ಇಲ್ಲಿ ಸ್ಪಷ್ಟವಾಗಿ ವಾಲುತ್ತದೆ. ನನ್ನ ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ನನಗೆ ಈ ಅಂಕಿ ದೊಡ್ಡದು.

ಹಳೆಮನೆ, ವೂಸ್ಟರ್ · 2025 ನವೆಂಬರ್ 16

ಹದಿನೈದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಅಂಕಿಗಳು ಕೈಗೆ ಬರದೆ ಬರೆಯಬಾರದು ಎಂದುಕೊಂಡಿದ್ದೆ.

ಕಳೆದ ವರ್ಷ ಅಕ್ಟೋಬರಿನಲ್ಲಿ ಅಟ್ಟ ಮತ್ತು ನೆಲಮಾಳಿಗೆಯ ಅಂಚು ಮುಗಿಯಿತು, ನವೆಂಬರಿನಲ್ಲಿ ಹೀಟ್ ಪಂಪ್ ಬಂತು. ಮ್ಯಾನ್ಯುಯಲ್ ಜೆ ಮಾಡಿಸಿದಾಗ ಮೂರು ಟನ್ ಸರಿಯೆಂದೇ ಬಂತು. ಇಡೀ ಮನೆಯನ್ನು ಪಂಪಿಗೆ ಬದಲಿಸಿದವರಿಗೆ ಮಾಸ್ ಸೇವ್ ಕೊಡುತ್ತಿದ್ದ 10,000 ಡಾಲರ್ ಸಿಕ್ಕಿತು, ಕೇಂದ್ರ ತೆರಿಗೆಯಲ್ಲಿ 2,000 ಉಳಿಯಿತು. ಕೈಯಿಂದ ಹೋದದ್ದು 12,000, ಹೊಸ ಬಾಯ್ಲರಿಗಿಂತ ಐನೂರು ಹೆಚ್ಚು. ಈಗ ಯೋಚಿಸುತ್ತಿರುವವರು ಗಮನಿಸಿ: ಆ ಕೇಂದ್ರ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಕೊನೆ, 2025ರ ಜುಲೈಯಲ್ಲಿ ಸಹಿಯಾದ ಕಾನೂನು ಅದನ್ನು ನಿಲ್ಲಿಸಿದೆ. ಅದರೊಳಗೆ ಯಂತ್ರ ಕೂರಿಸಿ ಮುಗಿಸಿದವರಿಗೆ ಮಾತ್ರ ಅದು.

ಹೀಟ್ ಪಂಪಿಗೆ ಬೇರೆ ಮೀಟರ್ ಹಾಕಿಸಿದ್ದೆ. ವರ್ಷಕ್ಕೆ ಕಾಯಿಸಲು 5,700 ಯೂನಿಟ್, ಸ್ನಾನದ ನೀರಿಗೆ 1,150. ಒಟ್ಟು 2,192 ಡಾಲರ್. ಎಂಜಿನಿಯರ್ ಅವರ ಅಂದಾಜಿಗಿಂತ ನೂರು ಡಾಲರ್ ಹೆಚ್ಚು, ಹಳೆಯ ಎಣ್ಣೆಯ ಖರ್ಚಿಗಿಂತ ಇನ್ನೂರೈವತ್ತು ಕಡಿಮೆ. ಈ ಉಳಿತಾಯದ ಪುಣ್ಯ ಬಹುಪಾಲು ಹೊದಿಕೆಯದು ಎಂಬುದನ್ನು ಒಪ್ಪುತ್ತೇನೆ. ಮಾಂಟ್ರಿಯಲ್ಲಿನವರು ಹೇಳಿದ ದರದ ಮಾತು ಈಗ ನಿಜವಾಗುತ್ತಿದೆ: ಈ ತಿಂಗಳಿನಿಂದ ನಮ್ಮ ರಾಜ್ಯದಲ್ಲಿ ಹೀಟ್ ಪಂಪ್ ಇರುವ ಮನೆಗಳಿಗೆ ಚಳಿಗಾಲದ ವಿಶೇಷ ದರ ಬಂದಿದೆ. ನಮಗೆ ಯೂನಿಟ್ಟಿಗೆ ಆರು ಸೆಂಟಿನ ಹತ್ತಿರ ಇಳಿಯುತ್ತದೆ.

ಜನವರಿಯಲ್ಲಿ ಒಂದು ಬೆಳಗ್ಗೆ ಅಂಗಳದ ಥರ್ಮಾಮೀಟರ್ ಮೈನಸ್ 16 ತೋರಿಸುತ್ತಿತ್ತು. ಒಳಗೆ 20. ನಡುನಡುವೆ ಹೊರಗಿನ ಸುರುಳಿಯ ಹಿಮ ಕರಗಿಸಲು ಪಂಪ್ ಕೆಲವು ನಿಮಿಷ ಹಿಮ್ಮುಖವಾಗಿ ಓಡುತ್ತದೆ. ಆಗ ಆವಿ ಏಳುವುದನ್ನು ಕಂಡು ಮಗ ಬೆಂಕಿ ಬಿತ್ತೆಂದು ಕೂಗಿಕೊಂಡಿದ್ದ. ನೆಲಮಾಳಿಗೆ 10 ಡಿಗ್ರಿಗೆ ಇಳಿದರೂ ಕೊಳವೆಗಳಿಗೆ ಏನೂ ಆಗಲಿಲ್ಲ. ಪೋರ್ಟ್‌ಲ್ಯಾಂಡಿನವರೇ, ಆ ಎಚ್ಚರಿಕೆಗೆ ನಿಮಗೆ ನಾನು ಋಣಿ.

ಕಳೆದುಕೊಂಡದ್ದೂ ಇದೆ. ಬಿಸಿನೀರಿನ ಕೊಳವೆಯ ಪಕ್ಕ ಕುಳಿತಾಗ ಕಾಲಿಗೆ ತಾಗುತ್ತಿದ್ದ ಬೆಚ್ಚನೆ ಈಗಿಲ್ಲ. ಇದು ಗಾಳಿಯ ಬಿಸಿ, ತಲೆಯ ಮಟ್ಟದಲ್ಲಿ ಹೆಚ್ಚು. ಅಪ್ಪ ಅಮ್ಮ ಶಿವಮೊಗ್ಗದಿಂದ ಏಪ್ರಿಲಿನಲ್ಲಿ ಬಂದಾಗ ಅಮ್ಮ ಅದನ್ನೇ ಹೇಳಿದರು. ಆದರೆ ಜುಲೈಯ ಸೆಕೆಯಲ್ಲಿ ಅದೇ ಯಂತ್ರ ಮನೆಯನ್ನು ತಂಪಾಗಿಸಿತು. ಹೃದಯದ ತೊಂದರೆಯಿರುವ ಅಪ್ಪ ರಾತ್ರಿ ನೆಮ್ಮದಿಯಾಗಿ ಮಲಗಿದರು. ಅಷ್ಟು ಸಾಕು ನನಗೆ.

ತಂದೆ, ಬೆಂಗಳೂರು · ನವೆಂಬರ್ 17

ಓದಿ ಸಂತೋಷವಾಯಿತು. ಮಗಳಿಗೆ ಕಡೆಗೂ ಒಂದು ಮನೆ ಇಷ್ಟವಾಗಿದೆ, ಎಣ್ಣೆಯಿಂದ ಕಾಯುವುದು. ಶನಿವಾರ ಮತ್ತೊಮ್ಮೆ ನೋಡಲು ಹೋಗುತ್ತಾಳೆ. ಏನು ನೋಡಬೇಕೆಂದು ಹೇಳಲಿ?

ನಿವೃತ್ತ ಎಂಜಿನಿಯರ್, ನ್ಯಾಶುವ · ನವೆಂಬರ್ 17

ಹಿಂದಿನ ಎರಡು ಚಳಿಗಾಲದ ಎಣ್ಣೆಯ ರಸೀದಿ ಕೇಳಲಿ. ಅಟ್ಟ ಹತ್ತಲಿ. ಅಲ್ಲಿ ಪಿಂಗಾಣಿ ಗುಬ್ಬಿಗಳ ಮೇಲೆ ಓಡುವ ಹಳೆಯ ಕಾಲದ ತಂತಿ ಕಂಡರೆ ಅದನ್ನು ಬದಲಿಸದೆ ಹೊದಿಕೆ ಹಾಕಲು ಬಿಡುವುದಿಲ್ಲ, ಆ ಖರ್ಚನ್ನು ಮನೆಯ ಬೆಲೆಯಲ್ಲಿ ಕಳೆಯಲಿ. ಹೀಟ್ ಪಂಪಿನ ಹೊರೆ ತಾಳುತ್ತದೆಯೇ ಎಂದು ತಿಳಿಯಲು, ವಿದ್ಯುತ್ ಪೆಟ್ಟಿಗೆ 100 ಆಂಪಿಯರಿನದೋ 200ರದೋ ಎಂಬುದನ್ನೂ ಬರೆದುಕೊಳ್ಳಲಿ. ನಾನು ಅದೇ ಊರಿನಲ್ಲಿದ್ದೇನೆ. ಬೇಕಾದರೆ ಜೊತೆಗೆ ಹೋಗುತ್ತೇನೆ.

ಅಮ್ಮ, ಹಾರ್ಟ್‌ಫರ್ಡ್ · ನವೆಂಬರ್ 17

ನೆಲಮಾಳಿಗೆಗೆ ಇಳಿದಾಗ ಟ್ಯಾಂಕಿನ ಹೊಟ್ಟೆಯ ಕೆಳಗೆ ಕೈ ಹಾಕಿ ಉದ್ದಕ್ಕೂ ಸವರಿ ನೋಡಲಿ. ಬೆರಳು ಒದ್ದೆಯಾಗಿ ಎಣ್ಣೆ ವಾಸನೆ ಬಂದರೆ, ಮನೆ ಎಷ್ಟೇ ಚೆನ್ನಾಗಿರಲಿ, ಅದನ್ನು ತೆಗೆಸಿ ಮಣ್ಣು ಪರೀಕ್ಷೆ ಮಾಡಿಸುವವರೆಗೆ ಸಹಿ ಹಾಕಬೇಡ ಎಂದು ಹೇಳಿ.